ಎಂಟು ರಾತ್ರಿಯ ಕುರಿ

ಬಸ್ಸು ರಾಯಬಾಗ ದಾಟುವುದರೊಳಗೆ ಮಲಕಾರಿ ಅಂಗಿಯ ಜೇಬನ್ನು ಹತ್ತು ಸಲವಾದರೂ ಮುಟ್ಟಿ ನೋಡಿಕೊಂಡಿದ್ದ. ಕೀಲಿಕೈ ಅಲ್ಲೇ ಇತ್ತು. ಅದಕ್ಕೇನು ಕಾಲು ಬಂದು ಓಡಿಹೋಗುತ್ತದೆಯೇ? ಚಿಕ್ಕೋಡಿ ಪೇಟೆಯ ಹೊರಗೆ ಹೊಸದಾಗಿ ಎಬ್ಬಿಸಿದ ಆರು ತಗಡಿನ ಶೆಡ್ಡುಗಳಲ್ಲಿ ನಾಲ್ಕನೆಯದರ ಕೀಲಿಕೈ ಅದು. ಸ್ವಂತ ಉದ್ಯೋಗ ಹೂಡುತ್ತೇನೆ ಎಂದು ಬರುವ ಹುಡುಗರಿಗೆ ಕರೆಂಟು ಸಮೇತ ಒಂದೊಂದು ಶೆಡ್ಡು ಕೊಡೋಣವೆಂದು ಸುತ್ತಲಿನ ದೊಡ್ಡ ಮನುಷ್ಯರು ಸೇರಿ ಒಂದು ಕಮಿಟಿ ಮಾಡಿದ್ದರು. ಮೂವತ್ತೊಂದು ಜನ ಅರ್ಜಿ ಹಾಕಿದ್ದರು, ಆರು ಜನರಿಗೆ ಸಿಕ್ಕಿತ್ತು, ಆ ಆರರಲ್ಲಿ ಇವನೊಬ್ಬ. ಇಷ್ಟಾದ ಮೇಲೆ ಬೇರೆ ಯಾರಾದರೂ ಆಗಿದ್ದರೆ ಪೇಢೆ ಹಂಚಿ, ಹಣೆಗೆ ಭಂಡಾರ ಹಚ್ಚಿಕೊಂಡು ಊರು ತಿರುಗುತ್ತಿದ್ದರು. ಮಲಕಾರಿ ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಇವತ್ತು ರವಿವಾರ, ಲೇಥ್ ವರ್ಕ್‌ಶಾಪಿಗೆ ರಜೆ. ಸತ್ತಿಯ ಹೊಳೆದಂಡೆಯಲ್ಲಿ ಕುರಿ ಹಾಕಿಕೊಂಡು ಕೂತಿರುವ ಅಪ್ಪನ ಹತ್ತಿರ ಹೊರಟಿದ್ದ. ಹೇಳಬೇಕಾದ ಸುದ್ದಿ ಎರಡು. ಶೆಡ್ಡು ಸಿಕ್ಕಿದ್ದು ಒಂದು. ಸದಲಗಾದಲ್ಲಿ ಬಾಯಿ ತೆಗೆದು ತಾನು ಆಡಿ ಬಂದದ್ದು ಇನ್ನೊಂದು. ಮೊದಲನೆಯದನ್ನು ಮನಸ್ಸಿನಲ್ಲೇ ಎಷ್ಟೋ ಸಲ ಹೇಳಿ ನೋಡಿದ, ಸಲೀಸಾಗಿ ಬಂತು. ಎರಡನೆಯದಕ್ಕೆ ಬಂದಾಗ ಬಸ್ಸಿನ ಕಿಟಕಿಯ ಆಚೆಗೆ ನೋಡುತ್ತಿದ್ದ. ಕಬ್ಬಿನ ಗಾಡಿಗಳು, ಬೇವಿನ ಗಿಡಗಳು, ಯಾವುದೋ ಬಣ್ಣ ಹೋದ ಪಂಪಿನ ಮನೆ. ಪಕ್ಕದಲ್ಲಿ ಕೂತ ಮುದುಕಿಯೊಬ್ಬಳು ‘ಯಾವೂರಾತಪ್ಪ?’ ಎಂದು ಕೇಳಿದಳು. ಅಷ್ಟಕ್ಕೇ ಅವನಿಗೆ ಬೆವರು ಬಂತು, ಯಾಕೆಂದರೆ ಆ ದಿನ ಕಮಿಟಿಯ ಎದುರಿನಲ್ಲೂ ಮೊದಲು ಕೇಳಿದ್ದು ಅದನ್ನೇ.

ಆ ದಿನ ಅವನು ಹೊಸ ಟೆರಿಲಿನ್ ಅಂಗಿ ಹಾಕಿದ್ದ. ಎರಡು ಸಲ ಸಾಬೂನು ಹಚ್ಚಿ ಮಿಂದಿದ್ದರೂ ಮೈಯಿಂದ ಉಣ್ಣೆಯ ವಾಸನೆ ಬರುತ್ತಿದೆಯೇನೋ ಎಂದು ಬಾಗಿಲ ಹೊರಗೆ ನಿಂತು ತೋಳನ್ನು ಮೂಸಿ ನೋಡಿಕೊಂಡಿದ್ದ, ಸಿಪಾಯಿ ಅದನ್ನು ನೋಡಿ ನಕ್ಕಿದ್ದ. ಒಳಗೆ ಮೂವರು ಕೂತಿದ್ದರು. ನಡುವೆ ಕಮಿಟಿಯ ಅಧ್ಯಕ್ಷರಾದ ಸದಲಗಾದ ಭಾವುಸಾಹೇಬರು, ಹೊಲಮನೆ ವ್ಯಾಪಾರ ಎಲ್ಲ ಇದ್ದ ಜೈನ ಮನೆತನದವರು. ಆಚೆ ಒಬ್ಬ ಇಂಜಿನಿಯರು. ಈಚೆ ರಿಟೈರಾದ ಒಬ್ಬ ಹೆಡ್‌ಮಾಸ್ತರರು. ಕುಂದ್ರು ಎಂದು ಯಾರೂ ಹೇಳಲಿಲ್ಲವೆಂದು ಇವನು ನಿಂತೇ ಇದ್ದ. ಬೇಡ ಅಂದವರೂ ಯಾರೂ ಇರಲಿಲ್ಲ, ಅದು ಹೊಳೆದದ್ದು ಹೊರಗೆ ಬಂದ ಮೇಲೆ. ಉಣ್ಣೆ ಹಿಂಜುವ ಯಂತ್ರದ ನಕಾಶೆಯನ್ನು ಮೇಜಿನ ಮೇಲೆ ಬಿಚ್ಚಿಟ್ಟ. ಸೈಕಲ್ಲಿನ ಚೈನು, ಕಾಲಿನಲ್ಲಿ ತುಳಿಯುವ ಪೆಡಲು, ಮೊಳೆಯ ಹಲ್ಲು ಬಡಿದ ಮರದ ಉರುಳೆ. ಎರಡು ವರ್ಷ ಲೇಥಿನ ಕೆಲಸ ಮುಗಿದ ಮೇಲೆ ಒಬ್ಬನೇ ಕೂತು ಮಾಡಿದ್ದು. ಅವನ ಅವ್ವ ರಾಮವ್ವ ಮದುವೆಯಾಗಿ ಬಂದಾಗಿನಿಂದ ಕಂಬಳಿಯ ಉಣ್ಣೆಯನ್ನು ಕೈಯಿಂದ ಹಿಂಜುತ್ತಿದ್ದಳು. ಅದರ ಎಳೆ ಗಂಟಲಿಗೆ ಹೋಗಿ ಹೋಗಿ ಅವಳಿಗೆ ಕೆಮ್ಮು ಹತ್ತಿತ್ತು. ಉಣ್ಣೆ ಬಿಡಿಸುವಾಗ ಅವಳ ಬೆರಳುಗಳು ನೇರ ಎಳೆಯುವುದಿಲ್ಲ, ಒಂದಿಷ್ಟು ಓರೆಯಾಗಿ ಎಳೆಯುತ್ತವೆ. ಅದನ್ನು ಕಂಡುಹಿಡಿಯುವುದಕ್ಕೇ ಅವನಿಗೆ ಆರು ತಿಂಗಳು ಬೇಕಾಗಿತ್ತು. ಹಲ್ಲುಗಳನ್ನು ಓರೆಯಾಗಿ ಬಡಿದ ದಿನ ಉಣ್ಣೆ ಹರಿಯದೆ, ಹೂವಿನಂತೆ ಅರಳಿ ಬಂದಿತ್ತು. ಹಲ್ಲು ಯಾಕೆ ಓರೆ ಅಂತ ಯಾರಾದರೂ ಕೇಳಿದರೆ ಸಾಕು, ಉಳಿದದ್ದನ್ನೆಲ್ಲ ನಾನು ಹೇಳುತ್ತೇನೆ ಎಂದುಕೊಂಡು ಬಂದಿದ್ದ. ಇಂಜಿನಿಯರು ನಕಾಶೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡು ಸುಮ್ಮನೆ ನೋಡತೊಡಗಿದ. ಹೆಡ್‌ಮಾಸ್ತರರು, ‘ಎಲ್ಲಾ ಮಷೀನ ಹಿಂಜಿದ್ರ ನಿಮ್ಮ ಹೆಣಮಕ್ಕಳು ಏನ್ ಮಾಡಬೇಕೋ?’ ಎಂದು ಕೇಳಿ ತಾವೇ ನಕ್ಕರು. ಭಾವುಸಾಹೇಬರು ಮಾತ್ರ ಇವನ ಮುಖವನ್ನೇ ನೋಡುತ್ತಿದ್ದರು.

‘ಯಾವೂರೋ ತಮ್ಮಾ?’

‘ಅನಂತಪುರರಿ.’

‘ಅನಂತಪುರದಾಗ ಯಾರ ಮಗಾ?’

‘ಮಾಳಸಿದ್ದಂದ್ರಿ.’

‘ಕುರಿ ಮಾಳಸಿದ್ದ? ನಮ್ಮ ಹೊಲಕ್ಕ ಬರಾಂವ?’

‘ಹೌದ್ರಿ.’

‘ಆತು. ಹೋಗಿನ್ನ.’

ಅಷ್ಟೇ. ನಾಲ್ಕು ನಿಮಿಷವೂ ಆಗಿರಲಿಲ್ಲ. ಅವನ ಹಿಂದೆಯೇ ಒಳಗೆ ಹೋದವನು ಶಾಂತಿನಾಥ. ಐಟಿಐಯಲ್ಲಿ ಇಬ್ಬರೂ ಒಂದೇ ಬೆಂಚಿನವರು. ಸಾಲದ್ದಕ್ಕೆ ಭಾವುಸಾಹೇಬರ ತಂಗಿಯ ಮಗ. ನಿಪ್ಪಾಣಿಯ ತಂಬಾಕು ಪುಡಿಗೆ ಪ್ಲಾಸ್ಟಿಕ್ಕಿನ ಡಬ್ಬಿ ಮಾಡುತ್ತೇನೆ ಎಂಬುದು ಅವನ ಅರ್ಜಿ. ಅವನನ್ನು ಇಪ್ಪತ್ತೈದು ನಿಮಿಷ ಕೂಡಿಸಿಕೊಂಡು ಮಾತಾಡಿಸಿದರು. ಬಾಗಿಲ ಹೊರಗೆ ನಿಂತು ಮಲಕಾರಿ ಪ್ರತಿಯೊಂದು ನಿಮಿಷವನ್ನೂ ಕೇಳಿಸಿಕೊಂಡ. ಶಾಂತಿನಾಥ ಹೊರಗೆ ಬರುವಷ್ಟರಲ್ಲಿ ಇವನ ಒಳಗೆ ಒಂದು ಸಿಟ್ಟು ಸಿದ್ಧವಾಗಿತ್ತು. ಆ ಸಿಟ್ಟಿನಲ್ಲಿ ಒಂದು ಬಗೆಯ ಸುಖವೂ ಇತ್ತು, ಸುಳ್ಳು ಯಾಕೆ ಹೇಳಬೇಕು? ಅವರವರೇ, ಮಾವ ಅಳಿಯ, ನಮ್ಮಂಥವರನ್ನು ಯಾರು ಕೇಳುತ್ತಾರೆ ಎಂದು ಅಂದುಕೊಳ್ಳುತ್ತ ಕೋಣೆಗೆ ಹೋಗಿ ಆ ಸಿಟ್ಟನ್ನು ಕಂಬಳಿಯಂತೆ ಹೊದ್ದುಕೊಂಡು ಮಲಗಿದ್ದ. ಹದಿನೈದು ದಿನ ಅದು ಅವನನ್ನು ಬೆಚ್ಚಗೆ ಇಟ್ಟಿತು. ವರ್ಕ್‌ಶಾಪಿನಲ್ಲಿ ಯಾರ ಜೊತೆಗೂ ಮಾತಿಲ್ಲ, ಯಾರ ಜೊತೆಗೂ ಚಹ ಇಲ್ಲ. ಹದಿನಾರನೆಯ ದಿನ ಯಾದಿ ಹಚ್ಚಿದರು. ನಾಲ್ಕನೆಯ ಹೆಸರು ಇವನದು. ಶಾಂತಿನಾಥನ ಹೆಸರು ಎಲ್ಲಿಯೂ ಇರಲಿಲ್ಲ. ಕಾಗದದ ಎದುರಿಗೆ ನಿಂತ ಮಲಕಾರಿಗೆ ಮೊದಲು ಆದದ್ದು ಸಂತೋಷವಲ್ಲ. ಮೈಮೇಲಿನ ಕಂಬಳಿಯನ್ನು ಯಾರೋ ಎಳೆದುಕೊಂಡು ಹೋದ ಹಾಗೆ ಆಯಿತು. ಇನ್ನು ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ಬಹಳ ಹೊತ್ತು ಅಲ್ಲೇ ನಿಂತಿದ್ದ.

ಬಸ್ಸು ಕೃಷ್ಣೆಯ ಸೇತುವೆ ಹತ್ತಿತು. ಪಕ್ಕದ ಮುದುಕಿ ಹೊಳೆಗೆ ಕೈಮುಗಿದು ಒಂದು ನಾಣ್ಯ ಎಸೆದಳು. ಇವನೂ ಕೈಯೆತ್ತಿದ, ಎತ್ತಿದ ಕೈ ಜೇಬಿಗೇ ಹೋಯಿತು. ಯಾದಿ ಹಚ್ಚಿದ ದಿನ ಶಾಂತಿನಾಥನೇ ಅವನನ್ನು ಹುಡುಕಿಕೊಂಡು ಬಂದು, ಹೆಗಲ ಮೇಲೆ ಕೈ ಹಾಕಿ, ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಕರೆದುಕೊಂಡು ಹೋಗಿ ಚಹ ಕುಡಿಸಿದ್ದ. ಒಳ್ಳೆಯವನೇ ಅವನು. ಒಳ್ಳೆಯವರ ಬಾಯಿಂದಲೇ ಇಂಥ ಮಾತು ಬರುವುದು.

‘ಹೊಟ್ಟಿಕಿಚ್ಚಿಲೆ ಹೇಳಾಕತ್ತಿಲ್ಲ, ಮಲಕಾರಿ. ನಮ್ಮ ಮಾವನ ಹೊಲದಾಗ ನಿಮ್ಮಪ್ಪ ಎಂಟ್ ರಾತ್ರಿ ಪುಕ್ಕಟ ಕುರಿ ತರಬ್ಯಾನ. ಒಂದ್ ಸೇರ ಜ್ವಾಳ ಸೈತ ತಗೊಂಡಿಲ್ಲ. ಊರಿಗೆಲ್ಲ ಗೊತ್ತೈತಿ. ತಿಂಗಳಾಗೂದ್ರಾಗ ನಿನಗ ಶೆಡ್ ಆತು. ಇನ್ನೇನ್ ಬೇಕು?’

‘ಮಾವ ನಿಮ್ಮಾಂವಲೇ. ನಿನಗ್ಯಾಕ ಸಿಗಲಿಲ್ಲ?’

‘ಮಾವ ಆಗಿದ್ದಕ್ಕ ಸಿಗಲಿಲ್ಲ! ಅಳಿಯಗ ಕೊಟ್ಟಾನ ಅಂತ ಮಂದಿ ಆಡಕೋತಾರಂತ ಅಂಜಿದಾ. ಅದಕ್ಕ ಅಷ್ಟೊತ್ತ ಪ್ರಶ್ನಾ ಕೇಳಿದಾ, ತೋರಿಕಿಗೆ. ಜಾವೂ ದೇ, ಹೋಗ್ಲಿ ಬಿಡು. ನಮ್ಮ ನಶೀಬ.’

ಶಾಂತಿನಾಥನ ಡಬ್ಬಿ ಬಿಸಿಲಿಗೆ ಇಟ್ಟರೆ ಸೊಟ್ಟಗಾಗುತ್ತಿತ್ತು. ಮುಚ್ಚಳ ಕೂಡುತ್ತಿರಲಿಲ್ಲ. ಅದನ್ನು ಮಲಕಾರಿ ಕಣ್ಣಾರೆ ನೋಡಿದ್ದ. ಆ ಹೊತ್ತಿನಲ್ಲಿ ಹೇಳಬೇಕೆನಿಸಿತು, ಹೇಳಲಿಲ್ಲ. ಮಾವನ ಅಂಜಿಕೆಯಿಂದ ತಪ್ಪಿತು ಎಂದುಕೊಂಡರೆ ಅವನು ಸುಖವಾಗಿ ನಿದ್ದೆ ಮಾಡುತ್ತಾನೆ, ಮಾಡಲಿ. ಆದರೆ ಅದೇ ಲೆಕ್ಕದಲ್ಲಿ ತನ್ನ ಉರುಳೆ? ಅದೂ ಹೀಗೇ ಎಲ್ಲೋ ಸೊಟ್ಟಗಿದ್ದು, ತನಗೊಬ್ಬನಿಗೇ ಕಾಣದೆ, ನೋಡಿದವರೆಲ್ಲ ಅಪ್ಪನ ಕುರಿಯ ಮುಖ ನೋಡಿ ಸುಮ್ಮನಿದ್ದರೇ? ಇಂಜಿನಿಯರು ಒಂದು ಪ್ರಶ್ನೆಯನ್ನಾದರೂ ಯಾಕೆ ಕೇಳಲಿಲ್ಲ? ಕೇಳೋಣವೆಂದರೆ ಆ ಪುಣ್ಯಾತ್ಮ ವರ್ಗವಾಗಿ ಎತ್ತಲೋ ಹೋಗಿದ್ದ. ಅಪ್ಪನೂ ಅಪ್ಪನೇ. ಹೊಲದಲ್ಲಿ ಒಂದು ರಾತ್ರಿ ಕುರಿ ತರುಬಿ ಕೂಡಿಸಿದರೆ ಅದರ ಹಿಕ್ಕೆ ಗಂಜಳದಿಂದ ಎರಡು ವರ್ಷ ಬೆಳೆ ಬರುತ್ತದೆ. ಅದಕ್ಕೆ ಹೊಲದವರು ರಾತ್ರಿಗಿಷ್ಟು ಜೋಳ ಅಳೆದು ಕೊಡುತ್ತಾರೆ. ಅದೇ ಕುರಿಯವರ ವರ್ಷದ ಕೂಳು. ಅದನ್ನು ಬಿಟ್ಟುಕೊಟ್ಟನೆಂದರೆ ಏನನ್ನೋ ಬೇಡಿಯೇ ಬಿಟ್ಟುಕೊಟ್ಟಿರಬೇಕು. ಕಮಿಟಿಯ ಅಧ್ಯಕ್ಷರ ಬಾಗಿಲಲ್ಲಿ ಮುಂಡಾಸು ತೆಗೆದು ಕೈಯಲ್ಲಿ ಹಿಡಿದು ನಿಂತ ಅಪ್ಪ ಅವನ ಕಣ್ಣಿಗೆ ಕಟ್ಟಿದಂತಾಯಿತು. ಅರ್ಜಿ ಹಾಕಿದ್ದನ್ನು ಅವನು ಅಪ್ಪನಿಗೆ ಹೇಳಿರಲಿಲ್ಲ. ಅವ್ವನಿಗೆ ಹೇಳಿದ್ದ. ಅವ್ವ ಹೇಳಿರಬಹುದು. ಅಪ್ಪನನ್ನೇ ಹೋಗಿ ಕೇಳಬಹುದಿತ್ತು, ಬಸ್ಸಿನ ಚೀಟಿಯ ಖರ್ಚು ಅಷ್ಟೇ. ಆದರೆ ಅಪ್ಪ ‘ಹೂಂ ಮತ್ತ, ನಿನ್ನ ಸಲುವಾಗಿ’ ಅಂದುಬಿಟ್ಟರೆ? ಆ ಮಾತನ್ನು ಕೇಳುವ ಧೈರ್ಯವಿಲ್ಲದೆ, ಕೇಳಬಾರದವರನ್ನು ಕೇಳಲು ಸದಲಗಾದ ಬಸ್ಸು ಹತ್ತಿದ.

ಅದು ಗುರುವಾರ, ಬೆಳಿಗ್ಗೆ ಕೀಲಿಕೈ ಕೈಗೆ ಬಂದ ದಿನ. ಸಂಜೆ ಬಿಸಿಲು ಇನ್ನೂ ಪಡಸಾಲೆಯ ಕಂಬದ ಮೇಲೆ ಇತ್ತು. ಭಾವುಸಾಹೇಬರು ಒಬ್ಬರೇ ಕೂತಿದ್ದರು. ಅವರ ಹೆಂಡತಿ ಕಾಶಿಬಾಯಿ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಅವಳ ಕನ್ನಡಕ ಇನ್ನೂ ಗೋಡೆಯ ಗೂಡಿನಲ್ಲಿ, ಒಂದು ಕೈ ಮುರಿದದ್ದಕ್ಕೆ ದಾರ ಕಟ್ಟಿಕೊಂಡು, ಹಾಗೇ ಕೂತಿತ್ತು. ‘ಬಾ ತಮ್ಮಾ, ಮ್ಯಾಲ ಬಾ’ ಅಂದರೂ ಮಲಕಾರಿ ಮೆಟ್ಟಿಲ ಮೇಲೆಯೇ ಕೂತ. ಅಡಿಗೆಯ ಲಕ್ಷ್ಮಿಬಾಯಿ ಚಹ ತಂದಳು. ತನ್ನ ಕಪ್ಪು ಬೇರೆಯೇ ಇದೆಯೇನೋ ಎಂದು ಅವನು ಓರೆಗಣ್ಣಿನಿಂದ ನೋಡಿದ. ಎರಡೂ ಒಂದೇ ಥರದವು, ನೀಲಿ ಗೆರೆಯವು. ಬೇರೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು ಅವನಿಗೆ. ಹಾಗೆ ಅನಿಸಿದ್ದಕ್ಕೆ ನಾಚಿಕೆಯಾಗಿ ಚಹ ಸುಡುತ್ತಿದ್ದರೂ ಗಟಗಟ ಕುಡಿದ.

‘ಕೀಲಿ ಸಿಕ್ತೇನು?’

‘ಸಿಕ್ತರಿ.’

‘ಛಲೋ ಆತು. ಏಳು, ನಮ್ಮ ಕೂಡ ಎರಡು ತುತ್ತ ಉಣ್ಣು. ಹೊತ್ತ ಮುಳಗೂದ್ರಾಗ ಊಟಾ ನಮ್ಮಲ್ಲೆ, ಗೊತ್ತಲಾ?’

‘ಒಲ್ಲೆರಿ. ಒಂದ್ ಮಾತ ಕೇಳಾಕ ಬಂದೇನ್ರಿ ಸಾವಕಾರ್ರ. ನನಗ ಶೆಡ್ ಕೊಟ್ಟಿದ್ದು ಮಷೀನ್ ನೋಡಿ ಏನ್ರಿ, ಇಲ್ಲಾ ನಮ್ಮಪ್ಪ ಪುಕ್ಕಟ ಕುರಿ ತರಬಿದ್ದಕ್ಕ ಏನ್ರಿ?’

ಕೇಳಿಯೇಬಿಟ್ಟ. ದಾರಿಯುದ್ದಕ್ಕೂ ಅದನ್ನು ಮೆತ್ತಗೆ ಮಾಡಿ ಮಾಡಿ ಇಟ್ಟುಕೊಂಡಿದ್ದ. ಬಾಯಿಂದ ಬೀಳುವಾಗ ಕಲ್ಲಿನ ಹಾಗೆ ಬಿತ್ತು. ಭಾವುಸಾಹೇಬರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಇವನು ಕೀಲಿಕೈಯನ್ನು ಅಲ್ಲೇ ಇಟ್ಟು ಎದ್ದು ಬರಬಹುದಿತ್ತು. ಆ ಸೀನನ್ನೂ ಬಸ್ಸಿನಲ್ಲಿ ಕಲ್ಪಿಸಿಕೊಂಡಿದ್ದ. ಅವರು ಧೋತರದ ಚುಂಗಿನಿಂದ ಕನ್ನಡಕ ಒರೆಸಿಕೊಂಡರು. ಒಳಗಿನಿಂದ ಲಕ್ಷ್ಮಿಬಾಯಿ, ‘ಏಳ್ರಿ, ತಾಟ ಹಾಕೇನಿ’ ಅಂದಳು.

‘ಖರೇ ಹೇಳಲೇನು? ಮಷೀನ್ ನನಗ ತಿಳೀಲಿಲ್ಲ. ಆ ಇಂಜಿನಿಯರ ಅಂದಾ, ಇದು ನಡೀತೈತಿ, ಹಲ್ಲ ಓರೆ ಬಡದಾನ ನೋಡ್ರಿ, ಹುಡುಗ ಶಾಣ್ಯಾ ಅದಾನ ಅಂತ. ಅಂವ ಅನ್ನೂದ್ರಾಗ ನಾ ಹೂಂ ಅಂದಿದ್ದೆ. ನಾ ಮಾಳಸಿದ್ದನ ಮಗಾ ಅಂತ ಹೂಂ ಅಂದ್ನೋ, ಮಷೀನ್ ನಡೀತೈತಿ ಅಂತ ಹೂಂ ಅಂದ್ನೋ, ಅದನ್ನ ನಾ ಒಡದ ನೋಡಿಲ್ಲಪ್ಪ.’

ಹಲ್ಲು ಓರೆ ಬಡಿದಾನ. ಮಲಕಾರಿಯ ಎದೆಯಲ್ಲಿ ಏನೋ ಹಾರಿತು. ನೋಡಿದ್ದ! ಆ ಮನುಷ್ಯ ಬಾಯಿ ಬಿಡದೆ ಎಲ್ಲವನ್ನೂ ನೋಡಿದ್ದ! ಹಾಗಾದರೆ ಅದು ನಡೆಯುತ್ತದೆ, ಯಾರ ಕುರಿಯಿಂದಲೂ ಅಲ್ಲ, ತನ್ನ ಹಲ್ಲಿನಿಂದ. ಆ ಸಂತೋಷ ಎಷ್ಟು ದೊಡ್ಡದಾಗಿತ್ತೆಂದರೆ ಭಾವುಸಾಹೇಬರು ಮುಂದೆ ಆಡುತ್ತಿದ್ದ ಮಾತು ಅವನ ಕಿವಿಗೆ ಎಲ್ಲಿಂದಲೋ ಬಂದ ಹಾಗೆ ಬರುತ್ತಿತ್ತು.

‘ನಿಮ್ಮಪ್ಪ ಒಂದ್ ವರ್ಷ ನಮ್ಮ ಹೊಲದಾಗ ಜ್ವರಾ ಬಂದು ಬಿದ್ದಿದ್ದಾ. ಎಂಟ್ ದಿನಾ ಕುರಿ ಏಳಲಿಲ್ಲ. ಎಂಟೂ ದಿನ ನಮ್ಮ ಕಾಶಿ ಗಂಜಿ ಕಾಸಿಕೊಂಡು ತಾನ ಒಯ್ದ ಕೊಟ್ಳು. ಅಕಿ ಹೋದ ಸುದ್ದಿ ಕೇಳಿ ಈ ಸಲ ಬಂದಾ. ಎಂಟ್ ರಾತ್ರಿ ತರಬಿದಾ. ಜ್ವಾಳಾ ಅಳ್ಯಾಕ ಹೋದ್ರ ಕೈ ಹಿಡದಾ. ಅಕ್ಕಾರ ಹೆಸರಲೆ ಬಿಡ್ರಿ ಅಂದಾ. ಮಂದಿ ಬಂದ್ರು, ಅತ್ರು, ಉಂಡ್ರು, ಹೋದ್ರು. ಅಕಿ ಸಲುವಾಗಿ ಏನರ ಮಾಡಿದಾಂವ ಅಂವ ಒಬ್ಬನ.’  ಆಮೇಲೆ ಬೇರೆಯೇ ದನಿಯಲ್ಲಿ ಕೇಳಿದರು: ‘ಆವಾಗ ನಿನ್ನ ಅರ್ಜಿ ಬಿದ್ದಿತ್ತೇನು?’

‘ಬಿದ್ದಿತ್ತರಿ.’

‘ಅಂವಗ ಗೊತ್ತಿತ್ತೇನು?’

ಇಲ್ಲ ಅನ್ನಬಹುದಿತ್ತು. ಇಲ್ಲ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಆದರೆ ಅವ್ವ ಹೇಳಿರಬಹುದು ಎಂಬ ಒಂದು ಎಳೆ ಅವನ ತಲೆಯಲ್ಲಿ ಸಿಕ್ಕಿಕೊಂಡಿತ್ತು. ಹಲ್ಲಿನ ಮಾತಿನ ಗುಂಗು ಬೇರೆ. ತಾನು ಖರೇ ಮನುಷ್ಯ, ಖರೇ ಕೇಳಲು ಬಂದವನು, ಖರೇನೇ ಹೇಳಬೇಕು ಎಂಬ ಜಂಬವೂ ಇತ್ತು. ‘ಗೊತ್ತಿತ್ತೋ ಇಲ್ಲೋ ನನಗ ತಿಳೀದರಿ, ಅವ್ವ ಹೇಳಿದ್ರೂ ಹೇಳಿರಬೇಕ್ರಿ’ ಅಂದ.

ಭಾವುಸಾಹೇಬರ ಕಣ್ಣು ಗೂಡಿನ ಕನ್ನಡಕದ ಕಡೆಗೆ ಹೋಯಿತು.  ಲಕ್ಷ್ಮಿಬಾಯಿ ಮತ್ತೊಂದು ಸಲ ಬಂದು, ‘ಹೊತ್ತ ಹೋಗಾಕತ್ತೈತಿರಿ’ ಅಂದಳು. ಕಂಬದ ಮೇಲಿನ ಬಿಸಿಲು ಮೇಲೆ ಮೇಲೆ ಹೋಗಿ ತೊಲೆಯ ಹತ್ತಿರ ಒಂದು ಕೈಯಗಲ ಉಳಿಯಿತು, ಆಮೇಲೆ ಅದೂ ಹೋಯಿತು. ಹೊತ್ತು ಮುಳುಗಿದ ಮೇಲೆ ಅವರ ಮನೆಯಲ್ಲಿ ಯಾರೂ ಅನ್ನ ಮುಟ್ಟುವುದಿಲ್ಲ. ‘ಇವತ್ತ ಬ್ಯಾಡ, ತಾಟ ತಗೀರಿ’ ಅಂದರು ಭಾವುಸಾಹೇಬರು. ಒಬ್ಬ ಮುದುಕನನ್ನು ತಾನು ಉಪವಾಸ ಕೆಡವಿದೆ ಎಂದು ಆಗ ಮಲಕಾರಿಗೆ ಹೊಳೆಯಿತು. ಉಪವಾಸ ಒಂದು ರಾತ್ರಿಯದು. ಅವರಿಂದ ತಾನು ಕಸಿದುಕೊಂಡದ್ದು ಇನ್ನೂ ಏನೋ ಇದೆ ಎಂದು ಹೊಳೆದದ್ದು ಚಿಕ್ಕೋಡಿಯ ಕೋಣೆಗೆ ಮರಳಿ, ಚಿಮಣಿ ಹಚ್ಚಿ, ಉರುಳೆಯ ಹಲ್ಲುಗಳನ್ನು ಬೆರಳಿನಿಂದ ಸವರುತ್ತ ಕೂತಾಗ. ಹೆಂಡತಿ ಸತ್ತ ಮೇಲೆ ಆ ಮನುಷ್ಯನಿಗೆ ಉಳಿದಿದ್ದ ಒಂದೇ ಒಂದು ನಿರ್ಮಲವಾದ ಸಮಾಧಾನ ಆ ಎಂಟು ರಾತ್ರಿ, ಅದರೊಳಗೆ ಇವನು ಹೋಗಿ ಕಸ ಹಾಕಿ ಬಂದಿದ್ದ.

ಸತ್ತಿಯ ಹತ್ತಿರ ಬಸ್ಸು ಇಳಿದು ಹೊಳೆಯ ಕಡೆಗೆ ನಡೆಯುವಾಗ ಮಧ್ಯಾಹ್ನದ ಬಿಸಿಲು ನೆತ್ತಿ ಸುಡುತ್ತಿತ್ತು. ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದು ನಿಶ್ಚಯ ಮಾಡಿಕೊಂಡ. ಅಪ್ಪ ಬೈಯಲಿ. ಬೈದರೆ ಹಗುರಾಗುತ್ತದೆ. ಅಪ್ಪನೇ ಸದಲಗಾಕ್ಕೆ ಹೋಗಿ ಸಾವಕಾರರಿಗೆ ಒಂದು ಮಾತು ಹೇಳಿದರೆ ಎಲ್ಲ ಮೊದಲಿನ ಹಾಗೆ ಆದೀತು. ಜಾಲಿಗಿಡಗಳ ನೆರಳಿನಲ್ಲಿ ಕುರಿಗಳು ಒಂದರ ಹೊಟ್ಟೆಯ ಕೆಳಗೆ ಒಂದು ತಲೆ ಹಾಕಿ ನಿಂತಿದ್ದವು. ನಾಯಿ ಇವನ ಗುರುತು ಹಿಡಿದು ಬಾಲ ಅಲ್ಲಾಡಿಸಿತು. ಅಪ್ಪ ಮಾಳಸಿದ್ದ ಕಂಬಳಿ ಹಾಸಿಕೊಂಡು ಕೂತಿದ್ದ, ಅವನ ಮುಂದೆ ಎರಡು ತುಂಬಿದ ಚೀಲಗಳು. ಬಾಯಿ ಹೊಲಿದ, ಹೊಸ ಚೀಲಗಳು. ಅವನ್ನು ನೋಡಿದ ಕೂಡಲೇ ಮಲಕಾರಿಯ ಕಾಲು ನಿಂತವು.

‘ಬಂದೇನು? ಬಾ, ಕುಂದ್ರು,’ ಅಂದ ಅಪ್ಪ. ಮುಖ ಎತ್ತಲಿಲ್ಲ.

‘ಏನಪ್ಪಾ ಇದು?’

‘ಜ್ವಾಳ. ಸದಲಗಾದಿಂದ ಮುಂಜಾನೆ ಟೆಂಪೋದಾಗ ಬಂತು. ಎಂಟ್ ರಾತ್ರಿದು ಅಂತ. ಒಲ್ಲೆ ಅಂದ್ನಿ. ಸಾವಕಾರ್ರು ಇಳಿಸೇ ಬರಬೇಕಂತ ಹೇಳ್ಯಾರಂತ, ಆ ಟೆಂಪೋದಾಂವ ಇಳಿಸಿ ಹ್ವಾದ.’

ಮಲಕಾರಿ ಕೂತ.  ಎರಡನೆಯ ಸುದ್ದಿಯನ್ನು ಹೇಳುವ ಹೊತ್ತು ಇದೇ ಎಂದು ಗೊತ್ತಿತ್ತು. ಬಾಯಿಂದ ಬಂದದ್ದು ಮೊದಲನೆಯದು. ‘ಯಪ್ಪಾ, ನನಗ ಚಿಕ್ಕೋಡ್ಯಾಗ ಶೆಡ್ ಸಿಕ್ಕೈತಿ.’ ಜೇಬಿನಿಂದ ಕೀಲಿಕೈ ತೆಗೆದು ಕಂಬಳಿಯ ಮೇಲೆ ಇಟ್ಟ.

‘ಎಂಥಾ ಶೆಡ್ಡ?’

‘ಉಣ್ಣಿ ಹಿಂಜೂ ಮಷೀನ್ ಹಾಕಾಕ. ಅರ್ಜಿ ಹಾಕಿದ್ನಿ. ಅವ್ವ ಹೇಳಿರಲಿಲ್ಲಾ?’

‘ನನಗ್ಯಾರು ಹೇಳ್ಯಾರೋ? ನಾ ಊರ ಮಕಾ ನೋಡಿ ನಾಲ್ಕ ತಿಂಗಳಾತು,’ ಅಂದು ಮಾಳಸಿದ್ದ ಕೀಲಿಕೈಯನ್ನು ಕೈಗೆ ತೆಗೆದುಕೊಂಡು, ಆ ಕಡೆ ಈ ಕಡೆ ತಿರುಗಿಸಿ ನೋಡಿ, ಅಂಗೈಯಲ್ಲಿ ತೂಗಿ, ‘ಛಲೋ ಆತಪ್ಪ. ನಿಮ್ಮವ್ವನ ಕೆಮ್ಮರ ಕಡಿಮಿ ಆಗಲಿ’ ಅಂದು ಮರಳಿ ಕೊಟ್ಟ. ಆಮೇಲೆ ಮತ್ತೆ ಚೀಲಗಳನ್ನು ನೋಡುತ್ತ ಕೂತ. ಅಪ್ಪನಿಗೆ ಅರ್ಜಿಯ ಸುದ್ದಿಯೇ ಗೊತ್ತಿರಲಿಲ್ಲ. ಮಗನಿಗಾಗಿ ಅಲ್ಲ, ಯಾವುದನ್ನೂ ಬೇಡದೆ, ಸತ್ತ ಹೆಣ್ಣುಮಗಳ ಗಂಜಿಗೆ ಎಂಟು ರಾತ್ರಿ. ಮಲಕಾರಿ ಹೊಳೆಯ ಕಡೆಗೆ ಮುಖ ತಿರುಗಿಸಿದ. ನೀರು ಬತ್ತಿ ನಡುವೆ ಮರಳು ಎದ್ದಿತ್ತು. ಒಂದು ಮರಿ ತಾಯಿಯನ್ನು ಕಾಣದೆ ಒದರುತ್ತಿತ್ತು. ಅಪ್ಪ ಒಂದು ಚೀಲದ ಹೊಲಿಗೆಯನ್ನು ಉಗುರಿನಿಂದ ಮುಟ್ಟಿ, ಬಿಚ್ಚದೆ ಬಿಟ್ಟ.

‘ಮೂವತ್ತ ವರ್ಷ ಆತು ಆ ಹೊಲಕ್ಕ ಹೊಂಟು,’ ಅಂದ. ‘ಹಿಂಗ ಯಾವತ್ತೂ ಮಾಡಾವರಲ್ಲ ಅವರು. ಕುರಿ ಏನರ ಬದುವಿನ್ಯಾಗಿನ ಗಿಡಾ ತಿಂದಾವೋ ಏನೋ. ಇಲ್ಲಾ ಅಕ್ಕಾರ ಹೆಸರ ತಗದಿದ್ದ ತಪ್ಪಾತೋ. ನಾವು ಕುರಿ ಕಾಯೂ ಮಂದಿ, ಅವರ ಮನ್ಯಾಗಿನ ಹೆಣಮಗಳ ಹೆಸರ ತಗೀಬಾರದಿತ್ತೇನೋ.’

‘ಹಂಗಲ್ಲಪ್ಪಾ...’

‘ಮತ್ತ್ಹ್ಯಾಂಗ?’

 ಬಸ್ಸಿನಲ್ಲಿ ಹೊಂದಿಸಿ ಇಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಮಲಕಾರಿಯ ನಾಲಿಗೆಗೆ ಬರಲಿಲ್ಲ. ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದದ್ದು ಅಂಗೈಗೆ ಒತ್ತುತ್ತಿತ್ತು.

‘ಮುಂದಿನ ವರ್ಷ ಆ ಕಡೆ ಹೋಗೂದು ಆಗೂದಿಲ್ಲ ನನಗ,’ ಅಂದ ಅಪ್ಪ. ‘ಯಾವ ಮಕಾ ಇಟಗೊಂಡು ಹೋಗ್ಲಿ? ನೀ ಪ್ಯಾಟ್ಯಾಗ ಇರಾಂವ, ಸಾವಕಾರ್ರು ಅಲ್ಲೆ ಬಂದು ಹೋಗಿ ಮಾಡತಾರ. ಒಂದ್ ಸಲ ಭೆಟ್ಟಿ ಆಗು. ನಮ್ಮಪ್ಪನ ಕಡಿಂದ ಏನ್ ತಪ್ಪಾತ್ರಿ ಅಂತ ಕೇಳು. ನನಗ ಕೇಳಾಕ ಬರೂದಿಲ್ಲ. ನೀ ಕಲತಾಂವ, ನಿನಗ ಬರತೈತಿ.’

‘ಹೂಂ,’ ಅಂದ ಮಲಕಾರಿ. ‘ಕೇಳತೀನಿ.’